ಆರೂವರೆಯ ಕರೆ

ಚಿನ್ಮಯಿ ನೈರೋಬಿಗೆ ಬಂದ ಮೊದಲ ಎರಡು ವರ್ಷ ಆ ಊರಿಗೆ ಹೆದರಿದವಳೇ ಅಲ್ಲ. ಹೆದರುವುದನ್ನು ಅವಳಿಗೆ ಒಬ್ಬ ಕಲಿಸಿದ. ಎಷ್ಟು ನಯವಾಗಿ, ಎಷ್ಟು ಅಕ್ಕರೆಯಿಂದ ಕಲಿಸಿದನೆಂದರೆ, ತಾನು ಕಲಿಯುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಅವಳು ಮೈಸೂರಿನ ಸರಸ್ವತಿಪುರಂನವಳು. ಕಿವಿ ಪರೀಕ್ಷೆಯ ವಿದ್ಯೆ ಓದಿದವಳು. ಇಪ್ಪತ್ತಾರಕ್ಕೆ ನಿಶ್ಚಿತಾರ್ಥವಾಗಿ, ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದು ಹುಡುಗ ಅಂದಾಗ ಉಂಗುರ ಬಿಚ್ಚಿ ಅವನ ಅಮ್ಮನ ಕೈಗೇ ಕೊಟ್ಟು ಬಂದಿದ್ದಳು. ಆಮೇಲೆ ಆರು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಬಾಲಕೃಷ್ಣ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಒಂದು ಕ್ಲಿನಿಕ್ಕಿನಿಂದ ಕೆಲಸದ ಪತ್ರ ಬಂದಾಗ ಅವಳು ಎರಡನೆಯ ಸಲ ಯೋಚಿಸದೆ ಹೊರಟುಬಂದಳು.

ಕ್ಲಿನಿಕ್ಕಿನಿಂದ ಹದಿನೈದು ನಿಮಿಷದ ನಡಿಗೆಯಲ್ಲಿ, ನಾಲ್ಕನೆಯ ಮಹಡಿಯಲ್ಲಿ ಒಂದು ಕೋಣೆಯ ಮನೆ. ಗ್ಯಾಸ್ ಸಿಲಿಂಡರ್ ತಾನೇ ಬದಲಾಯಿಸುವುದು ಕಲಿತಳು, ಪರದೆಯ ಕಂಬಿಗೆ ತಾನೇ ಮೊಳೆ ಹೊಡೆದಳು. ಶನಿವಾರ ಮಟಾಟು ಎಂಬ ಸಿಟಿ ವ್ಯಾನು ಹತ್ತಿ ನ್ಗಾರಾದ ಭಾರತೀಯ ಅಂಗಡಿಗಳಿಗೆ ಹೋಗಿ ಬೇಳೆ, ಹುಣಸೆಹಣ್ಣು, ಕರಿಬೇವು ತರುತ್ತಿದ್ದಳು. ಭಾನುವಾರ ಬೆಳಗ್ಗೆ ಅರ್ಬೊರೇಟಮ್ ಉದ್ಯಾನದ ಮರಗಳ ಕೆಳಗೆ ಎರಡು ಸುತ್ತು. ಮನೆಗೆ ಬಂದು ಉಪ್ಪಿಟ್ಟು ಮಾಡಿ, ಕಿಟಕಿಯ ಎದುರಿನ ಪುಟ್ಟ ಮೇಜಿಗೆ ಕೂತು, ಯಾರಿಗೂ ಬಡಿಸದೆ ಯಾರಿಗೂ ಕಾಯದೆ ತಿನ್ನುತ್ತಿದ್ದಳು. ಅಮ್ಮ ಫೋನಿನಲ್ಲಿ, "ಒಂಟಿ ಆಗಿಬಿಟ್ಟೆಯಲ್ಲೇ" ಎಂದು ಮೂಗೆಳೆದಾಗ, "ಒಂಟಿ ಅಲ್ಲಮ್ಮ, ಒಬ್ಬಳೇ ಇದೀನಿ. ಅದು ಬೇರೆ, ಇದು ಬೇರೆ" ಎನ್ನುತ್ತಿದ್ದಳು. ಅಮ್ಮನ ತಲೆಗೆ ಆ ವ್ಯತ್ಯಾಸ ಹತ್ತಲಿಲ್ಲ.

ನೈರೋಬಿಯಲ್ಲಿ ಅವಳಿಗೆ ಹತ್ತಿರದವರೆಂದರೆ ಇಬ್ಬರು. ಒಬ್ಬಳು ಕ್ಲಿನಿಕ್ಕಿನ ರಿಸೆಪ್ಷನ್ನಿನ ಗ್ಲೋರಿಯಾ, ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು, ಎದೆಗಾರ್ತಿ. ಇನ್ನೊಬ್ಬರು ವಿಮಲಾ ಆಂಟಿ. ಅವರ ಗಂಡ ರಾಮಚಂದ್ರ ಮೂವತ್ತು ವರ್ಷ ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಆಂಟಿಯ ಮನೆಯಲ್ಲಿ ಹಬ್ಬದೂಟ ತಪ್ಪುತ್ತಿರಲಿಲ್ಲ, ಊಟದ ಕೊನೆಗೆ ಒಂದು ಮಾತೂ ತಪ್ಪುತ್ತಿರಲಿಲ್ಲ: "ಇಪ್ಪತ್ತೆಂಟು ಆಯ್ತಲ್ಲಮ್ಮ, ನೀನೇ ಯಾರನ್ನಾದ್ರೂ ನೋಡ್ಕೋಬಾರ್ದಾ?"

ನೋಡಿಕೊಳ್ಳೋಣ ಎಂದು ಅವಳಿಗೂ ಅನ್ನಿಸಿತು. ಒಬ್ಬಳೇ ಇರುವುದು ಸಾಕಾಗಿ ಅಲ್ಲ, ಅದು ಚೆನ್ನಾಗಿ ಒಗ್ಗಿತ್ತು ಅಂತಲೇ. ಬೇಡವೆನಿಸಿದರೆ ಎದ್ದು ಬರಬಹುದಲ್ಲ ಎಂಬ ಧೈರ್ಯದಿಂದ ಫೋನಿಗೆ ಡೇಟಿಂಗ್ ಆ್ಯಪ್ ಹಾಕಿಕೊಂಡಳು. ಮೊದಲನೆಯವನು ಎರಡು ಗಂಟೆ ತನ್ನ ಹಳೆಯ ಹುಡುಗಿಯ ಬಗ್ಗೆಯೇ ಮಾತಾಡಿದ. ಎರಡನೆಯವನು ಅಕ್ಕನನ್ನು ಕರೆದುಕೊಂಡು ಬಂದಿದ್ದ. ಮೂರನೆಯವನು ನೆವಿಲ್.

ನೆವಿಲ್‌ಗೆ ಮೂವತ್ನಾಲ್ಕು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ, ಹುಟ್ಟಿದ್ದು ಬೆಳೆದದ್ದು ನೈರೋಬಿಯಲ್ಲೇ. ಊರಿನ ಇನ್ನೊಂದು ತುದಿಯ ಎಂಬಕಸಿಯಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆ. ಮೇ ತಿಂಗಳ ಒಂದು ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ, ಹರ್ಲಿಂಗ್‌ಹ್ಯಾಮಿನ ಕಾಫಿ ಅಂಗಡಿಯಲ್ಲಿ ಮೊದಲ ಭೇಟಿ. ಇಸ್ತ್ರಿ ಮಾಡಿದ ಅಂಗಿ, ಮೆಲು ದನಿ. ಅವಳ ಮಾತನ್ನು ನಡುವೆ ಕತ್ತರಿಸದೆ ಕೇಳುವ ಗಂಡಸನ್ನು ಅವಳು ನೋಡಿ ಬಹಳ ದಿನವಾಗಿತ್ತು. ಅವನು ಹಲ್ಲು ಬಿಗಿದು ಬಿಟ್ಟಾಗೊಮ್ಮೆ ದವಡೆಯ ಕೀಲು ಸಣ್ಣಗೆ 'ಟಕ್' ಎನ್ನುತ್ತಿತ್ತು. ಬೇರೆ ಯಾರಿಗೂ ಕೇಳಿಸದಂಥ ಸದ್ದು.

"ಅದನ್ನ ಡೆಂಟಿಸ್ಟ್‌ಗೆ ತೋರಿಸ್ಕೊಳ್ಳಿ" ಎಂದಳು ನಗುತ್ತಾ.

"ನಿನಗೆ ಅದು ಸಹ ಕೇಳ್ತದಾ?" ಎಂದ ಅವನು. ನಗಲಿಲ್ಲ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅವಳನ್ನು ದಿಟ್ಟಿಸಿದ.

ಎರಡು ತಿಂಗಳು ಚೆನ್ನಾಗಿಯೇ ಕಳೆಯಿತು. ಆ ಊರಿನ ಜುಲೈ ಚಳಿಯಲ್ಲಿ ಅವಳಿಗೆ ಜ್ವರ ಬಂದಾಗ ಅವನು ಗಂಜಿ ತಂದುಕೊಟ್ಟ. ಅವನ ಜೊತೆ ಕಾರಿನಲ್ಲಿ ಹೋಗುವಾಗ ಊರು ಬೇರೆಯಾಗಿ ಕಾಣುತ್ತಿತ್ತು. ಪ್ರತಿ ತಿರುವಿಗೂ ಅವನ ಬಳಿ ಒಂದು ಕಥೆ. "ಆ ಮಟಾಟು ಸ್ಟೇಜ್ ನೋಡಿದ್ಯಾ? ಅಲ್ಲಿ ನನ್ನ ಕಲೀಗಿನ ವೈಫನ್ನ..." ಎಂದು ನಿಲ್ಲಿಸುತ್ತಿದ್ದ. ಅರ್ಧಕ್ಕೆ ನಿಂತ ಕಥೆ ಅವಳ ತಲೆಯಲ್ಲಿ ಪೂರ್ತಿಯಾಗುತ್ತಿತ್ತು. "ಮಟಾಟು ಎಲ್ಲ ಬೇಡ ಮಾರಾಯ್ತಿ. ನೀನು ಲಕ್ಕಿ, ಟೂ ಇಯರ್ಸ್ ಏನೂ ಆಗ್ಲಿಲ್ಲ." ಮಟಾಟು ಬಿಟ್ಟಳು. ಅರ್ಬೊರೇಟಮ್ ಬಿಟ್ಟಳು. ಅವಳ ಫೋನು ಎಲ್ಲಿದೆ ಎಂದು ಅವನ ಫೋನಿನಲ್ಲಿ ಕಾಣುವಂತೆ ಮಾಡಿಕೊಟ್ಟಳು. ಯಾವುದನ್ನೂ ಅವನು ಮಾಡು ಎನ್ನಲಿಲ್ಲ. ಮಾಡಿದಾಗ ಹಣೆಗೆ ಮುತ್ತು ಕೊಟ್ಟ, ಅಷ್ಟೆ.

ಗ್ಲೋರಿಯಾ ಮಾತ್ರ ಒಂದು ದಿನ ಹುಬ್ಬು ಗಂಟಿಕ್ಕಿ, "ನಾನು ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ. ನಿನ್ನ ಗೆಳೆಯ ಹೇಳುವ ಊರು ಯಾವುದೋ ನನಗೆ ಗೊತ್ತಿಲ್ಲ" ಎಂದಳು.

ಮೊದಲ ಕರೆ ಬಂದದ್ದು ಆಗಸ್ಟ್ ಮೊದಲ ವಾರ, ಸಂಜೆ ಆರೂವರೆಗೆ. ನೈರೋಬಿಯಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಐಬಿಸ್ ಹಕ್ಕಿಗಳು ಕರ್ಕಶವಾಗಿ ಅರಚುತ್ತ ಮರಕ್ಕೆ ಮರಳುವ ಹೊತ್ತು. ಅವಳು ಆಗಷ್ಟೇ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಳು. ಗೊತ್ತಿಲ್ಲದ ನಂಬರು. ಹಲೋ ಎಂದರೆ ಉತ್ತರವಿಲ್ಲ. ಆದರೆ ಆ ಕಡೆ ಯಾರೋ ಇದ್ದರು. ಖಾಲಿ ಫೋನಿನ ಮೌನ ಬೇರೆ, ಉಸಿರು ಹಿಡಿದವರ ಮೌನ ಬೇರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಮರುದಿನವೂ ಆರೂವರೆಗೆ. ನಂಬರು ಬೇರೆ. ನಾಲ್ಕನೆಯ ದಿನ ಕರೆಯ ಹಿಂದೆಯೇ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು: ಹಳದಿ ದುಪಟ್ಟಾ ನಿನಗೆ ಒಪ್ಪುತ್ತದೆ. ಅವಳು ಇನ್ನೂ ಆ ದುಪಟ್ಟಾ ತೆಗೆದಿರಲಿಲ್ಲ. ದೀಪ ಆರಿಸಿದಳು. ಕಿಟಕಿಯಿಂದ ದೂರ, ನೆಲದ ಮೇಲೆ ಕೂತು ನೆವಿಲ್‌ಗೆ ಫೋನು ಮಾಡಿದಳು. ಎಂಬಕಸಿಯ ಆಫೀಸಿನಲ್ಲಿದ್ದೇನೆ, ಹೊರಟೆ, ಬಾಗಿಲು ತೆಗೆಯಬೇಡ ಎಂದ. ಇಪ್ಪತ್ತೇ ನಿಮಿಷದಲ್ಲಿ ಬಾಗಿಲು ತಟ್ಟಿದ. ಅವಳು ಅವನ ಎದೆಗೆ ಒರಗಿ ಅತ್ತಳು. ಅವನು ಬೆನ್ನು ಸವರುತ್ತಾ, "ಐ ಟೋಲ್ಡ್ ಯೂ, ಚಿನ್ನು" ಎಂದ.

ಕರೆಗಳು ನಿಲ್ಲಲಿಲ್ಲ. ಗ್ಲೋರಿಯಾ ಹೇಳಿದಳೆಂದು ಅವಳು ಅವನ್ನು ರೆಕಾರ್ಡ್ ಮಾಡಿಡತೊಡಗಿದಳು. ಆದರೆ ಮತ್ತೆ ಕೇಳುವ ಧೈರ್ಯವಿರಲಿಲ್ಲ. ಸಂಜೆ ಐದಾದರೆ ಕೆಲಸದ ಮೇಲೆ ಗಮನ ನಿಲ್ಲುತ್ತಿರಲಿಲ್ಲ. ಕಿವಿ ಪರೀಕ್ಷೆಯ ಬೂತಿನಲ್ಲಿ ಕೂತ ರೋಗಿಗೆ ಕೇಳಿಸಬೇಕಾದ ಸದ್ದಿನ ಗುಂಡಿ ಒತ್ತಲು ಮರೆತು, ಗೋಡೆಯ ಗಡಿಯಾರ ನೋಡುತ್ತ ಕೂರುವಳು. ಗೇಟು ಕಾಯುವ ಅಸ್ಕಾರಿ "ಹಬಾರಿ, ಡಾಕ್ಟರ್" ಎಂದು ನಕ್ಕು ಕ್ಷೇಮ ಕೇಳಿದರೂ ಕರೆ ಮಾಡುವವನು ಇವನೇ ಇರಬಹುದೇ ಎನ್ನಿಸುವುದು.

ಸೆಪ್ಟೆಂಬರಿನಲ್ಲಿ ನೆವಿಲ್ ಹೇಳಿದ, "ನ್ಗಾರಾದಲ್ಲಿ ಮಮ್ಮಿಯ ಮನೆ ಉಂಟಲ್ಲ, ಮೇಲಿನ ಫ್ಲ್ಯಾಟ್ ಖಾಲಿ. ಅಲ್ಲಿಗೆ ಶಿಫ್ಟ್ ಆಗು. ಕ್ಲಿನಿಕ್ಕಿಗೆ ನಾನೇ ಬಿಡ್ತೇನೆ. ಇಲ್ಲದಿದ್ರೆ ಸ್ವಲ್ಪ ದಿವಸ ಕೆಲಸ ಬಿಡು." ಕೆಲಸ ಬಿಡು ಎಂದ ಒಬ್ಬನಿಗೆ ಉಂಗುರ ವಾಪಸು ಕೊಟ್ಟವಳು, ಈಗ ಸುಮ್ಮನೆ ತಲೆಯಾಡಿಸಿದಳು.

ಆ ಭಾನುವಾರ ಮನೆ ತೋರಿಸಲೆಂದು ಊಟಕ್ಕೆ ಕರೆದುಕೊಂಡು ಹೋದ. ಅವನ ತಾಯಿ ಜೋಸೆಫಿನ್ ಎಪ್ಪತ್ತರ ಹತ್ತಿರದವರು, ಸಣಕಲು ಮೈ, ಹೆಚ್ಚು ಮಾತಿಲ್ಲ. ಊಟವಾದ ಮೇಲೆ ನೆವಿಲ್ ಕಾರಿನಿಂದ ಏನೋ ತರಲು ಕೆಳಗಿಳಿದ. ಚಿನ್ಮಯಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಜೋಸೆಫಿನ್ ನಲ್ಲಿಯನ್ನು ಜೋರಾಗಿ ಬಿಟ್ಟರು. ನೀರಿನ ಸದ್ದಿನ ಮರೆಯಲ್ಲಿ ಕೇಳಿದರು:

"ನೀನು ಮೇಲಿನ ಮನೆಗೆ ಬರ್ತಿಯಂತೆ, ಹೌದಾ?"

"ಯೋಚಿಸ್ತಾ ಇದೀನಿ ಆಂಟಿ."

"ನಿನಗೆ ಫೋನ್ ಬರ್ತದಾ? ಮಾತಾಡದೆ ಇಡುವಂಥದ್ದು?"

ಚಿನ್ಮಯಿ ಕೈಯ ತಟ್ಟೆ ಕೆಳಗಿಟ್ಟಳು. "ನೆವಿಲ್ ಹೇಳಿದ್ನಾ?"

"ಅವ ನನ್ನ ಹತ್ತಿರ ಎಂತದೂ ಹೇಳುದಿಲ್ಲ." ಮುದುಕಿಯ ಕೈ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿತ್ತು. "ಮೊದಲು ಒಬ್ಬಳು ಹುಡುಗಿ ಇದ್ದಳು, ವನೆಸ್ಸಾ ಅಂತ. ಅವಳಿಗೂ ಬರ್ತಿತ್ತು. ಹೆದರಿ ಮೇಲಿನ ಮನೆಗೆ ಬಂದಳು. ಎಂಟು ತಿಂಗಳು ಇದ್ದಳು. ಕೊನೆಕೊನೆಗೆ ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೂ ಹೋಗ್ತಿರ್ಲಿಲ್ಲ. ಅವಳ ಅಣ್ಣ ಬಂದು ಮಂಗಳೂರಿಗೆ ಕರ್ಕೊಂಡು ಹೋದ. ಕಾರು ಹತ್ತುವಾಗ ಎರಡು ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು."

"ಆಂಟಿ, ನೀವು ಏನು ಹೇಳ್ತಾ ಇದೀರಿ?"

"ನಾನು ಅವನ ತಾಯಿ ಮಗಾ. ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಹೇಳಿಸ್ಬೇಡ."

ಬಾಗಿಲಲ್ಲಿ ನೆವಿಲ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. "ಎಂತ ಸೀಕ್ರೆಟ್?" ಎಂದ.

"ನೀರುದೋಸೆಗೆ ಅಕ್ಕಿ ಎಷ್ಟು ಹೊತ್ತು ನೆನೆಸುದು ಅಂತ ಕೇಳಿದ್ಳು" ಎಂದು ಜೋಸೆಫಿನ್ ನಲ್ಲಿ ನಿಲ್ಲಿಸಿದರು.

ಹಿಂದಿರುಗುವಾಗ ಕಾರಿನ ಗಾಜುಗಳೆಲ್ಲ ಏರಿದ್ದವು. ಅವನು ರೇಡಿಯೊ ಹಾಕಲಿಲ್ಲ. ಬಂದ ದಾರಿ ಬಿಟ್ಟು ಬೇರೆ ದಾರಿ ಹಿಡಿದ. ಕೇಳಿದರೆ ಟ್ರಾಫಿಕ್ ಎಂದ. ಭಾನುವಾರದ ಮಧ್ಯಾಹ್ನ, ರಸ್ತೆ ಬರಿದಾಗಿತ್ತು.

"ಮಮ್ಮಿ ಏನು ಹೇಳಿದ್ರು?"

"ನೀರುದೋಸೆ ಅಂದ್ರಲ್ಲ."

ಅವನು ಹಲ್ಲು ಬಿಗಿದ, ಬಿಟ್ಟ. ಟಕ್.

ಆ ಸದ್ದನ್ನು ಅವಳು ಇನ್ನೆಲ್ಲೋ ಕೇಳಿದ್ದಳು, ಈಚೆಗೆ, ಮತ್ತೆ ಮತ್ತೆ. ಕಿಟಕಿಯಾಚೆ ಮುಖ ತಿರುಗಿಸಿ, ಉಸಿರು ಏರದಂತೆ, ಮನೆ ಬರುವವರೆಗೂ ಹೊರಗೆ ಸಾಗುತ್ತಿದ್ದ ಅಂಗಡಿಗಳ ಹೆಸರು ಓದುತ್ತಾ ಕೂತಳು. ಇಳಿಯುವಾಗ ಎಂದಿನಂತೆ ಕೆನ್ನೆ ಒಡ್ಡಿದಳು.

ಸೋಮವಾರ ಬೆಳಗ್ಗೆ ರೋಗಿಗಳು ಬರುವ ಮುಂಚೆ ಸದ್ದು ಹೊಗದ ಬೂತಿನೊಳಗೆ ಕೂತು, ಕ್ಲಿನಿಕ್ಕಿನ ಒಳ್ಳೆಯ ಹೆಡ್‌ಫೋನು ಹಾಕಿ, ರೆಕಾರ್ಡ್ ಮಾಡಿಟ್ಟಿದ್ದ ಹದಿನೇಳು ಕರೆಗಳನ್ನು ಒಂದೊಂದಾಗಿ ಕೇಳಿದಳು. ಮೊದಲ ಮೂರರಲ್ಲಿ ಬರೀ ಗಾಳಿ. ನಾಲ್ಕನೆಯದರಲ್ಲಿ ಐಬಿಸ್ ಹಕ್ಕಿಗಳ ಕೂಗು. ಅವಳ ಕಿಟಕಿಯಾಚೆ ಕೂಗುತ್ತಿದ್ದ ಅವೇ ಹಕ್ಕಿಗಳು, ಅದೇ ಗಳಿಗೆಯಲ್ಲಿ ಆ ಕಡೆಯಿಂದಲೂ. ಆರನೆಯದರಲ್ಲಿ, ಉಸಿರಿನ ನಡುವೆ, ಟಕ್. ಒಂಬತ್ತನೆಯದರಲ್ಲಿ ಎರಡು ಸಲ.

ಹೊರಗೆ ಬಂದವಳ ಮುಖ ನೋಡಿ ಗ್ಲೋರಿಯಾ ಕುರ್ಚಿ ಎಳೆದಳು. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಹಳದಿ ದುಪಟ್ಟಾದ ದಿನ ಅವನು ಎಂಬಕಸಿಯಿಂದ ಎಷ್ಟು ಹೊತ್ತಿನಲ್ಲಿ ಬಂದ ಅಂದೆ?"

"ಇಪ್ಪತ್ತು ನಿಮಿಷ."

"ಸಂಜೆ ಆರೂವರೆಗೆ? ಎಂಬಕಸಿಯಿಂದ?" ಗ್ಲೋರಿಯಾ ಪೆನ್ನು ಕೆಳಗಿಟ್ಟಳು. "ಆ ಹೊತ್ತಿನಲ್ಲಿ ಆಂಬುಲೆನ್ಸೂ ಬರಲ್ಲ ಕಣೆ. ಅವನು ನಿನ್ನ ಮನೆಯ ಕೆಳಗೇ ಇದ್ದ."

ಬುಧವಾರ ಹಗಲು ಹನ್ನೆರಡಕ್ಕೆ, ತಾವು ಮೊದಲ ಸಲ ಭೇಟಿಯಾದ ಅದೇ ಕಾಫಿ ಅಂಗಡಿಗೆ ಅವನನ್ನು ಕರೆಸಿದಳು. ಪಕ್ಕದ ಮೇಜಿನಲ್ಲಿ ಗ್ಲೋರಿಯಾ ಬೆನ್ನು ಹಾಕಿ ಕೂತಿದ್ದಳು. ಚಿನ್ಮಯಿ ಸುತ್ತಿ ಬಳಸಲಿಲ್ಲ. ಕರೆಗಳು ನಿನ್ನವೇ ಅಂತ ಗೊತ್ತಾಗಿದೆ, ಇನ್ನು ನನ್ನ ಹತ್ತಿರ ಬರಬೇಡ ಎಂದಳು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕಾಫಿ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಮೊದಲ ದಿನದ ಮೆಲು ದನಿಯಲ್ಲೇ ಹೇಳಿದ:

"ನಿನ್ನ ಕಿವಿ ತುಂಬಾ ಶಾರ್ಪ್. ಬಟ್ ಯಾರು ನಂಬ್ತಾರೆ? ಈ ಊರಲ್ಲಿ ಒಬ್ಬಳೇ ಇರುದು ಈಸಿ ಅಲ್ಲ, ಚಿನ್ನು. ಯೂ ವಿಲ್ ಸೀ."

ಎದ್ದು ಹೋಗುವಾಗ ಗ್ಲೋರಿಯಾಳ ಮೇಜಿನ ಬಳಿ ನಿಂತು, "ಕ್ವಾಹೇರಿ, ಗ್ಲೋರಿಯಾ" ಎಂದು ವಿದಾಯ ಹೇಳಿದ. ಅವಳನ್ನು ಅವನಿಗೆ ಯಾರೂ ಪರಿಚಯಿಸಿರಲಿಲ್ಲ.

ಇಬ್ಬರೂ ನೇರ ಪೊಲೀಸ್ ಠಾಣೆಗೆ ಹೋದರು. ಕೌಂಟರಿನ ಹೆಂಗಸು ದವಡೆಯ ಸದ್ದಿನ ಮಾತು ಕೇಳಿ ಮೊದಲು ತುಟಿಯಂಚಿನಲ್ಲೇ ನಕ್ಕಳು. ಆದರೆ ದಪ್ಪ ಪುಸ್ತಕದಲ್ಲಿ ದೂರು ಬರೆದುಕೊಂಡು ಅದರ ನಂಬರು ಕೊಟ್ಟಳು. ವಿಮಲಾ ಆಂಟಿ ಸುದ್ದಿ ಕೇಳಿ, "ಅದಕ್ಕೇ ಮದುವೆ ಮಾಡ್ಕೋ ಅಂದಿದ್ದು" ಎಂದು ಕಣ್ಣೀರು ಹಾಕಿದರು. ರಾಮಚಂದ್ರ ಮರುದಿನ ಬೆಳಗ್ಗೆ ಒಬ್ಬ ಬೀಗದವನನ್ನು ಕರೆತಂದು, ಅವಳ ಬಾಗಿಲಿಗೆ ಹೊಸ ಬೀಗ ಕೂರಿಸಿ, ಮೂರು ಸಲ ತೆಗೆದು ಹಾಕಿ ನೋಡಿ ಹೋದರು. ಅಮ್ಮ ಮಾತ್ರ ಫೋನಿನಲ್ಲಿ, "ಈಗಲಾದ್ರೂ ಬಂದ್ಬಿಡೇ" ಎಂದು ಅಂಗಲಾಚಿದಳು. "ಬಂದ್ರೆ ಅವನು ಹೇಳಿದ್ದೇ ನಿಜ ಆಗತ್ತಮ್ಮ" ಎಂದಳು ಚಿನ್ಮಯಿ.

ಕರೆಗಳು ಅಂದಿನಿಂದಲೇ ನಿಂತುಹೋದವು. ನಿಂತದ್ದು ಇನ್ನೂ ಭಾರವಾಗಿತ್ತು. ಆರೂವರೆಗೆ ಫೋನು ಸುಮ್ಮನಿದ್ದಾಗ ಅವನು ಎಲ್ಲಿರಬಹುದು ಎಂಬುದು ತಿಳಿಯುತ್ತಿರಲಿಲ್ಲ. ಊರನ್ನು ಅವಳು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಒಂದು ವಾರ ಬೀದಿಯ ಮೂಲೆಯವರೆಗೆ. ಆಮೇಲೆ ಗ್ಲೋರಿಯಾಳ ಜೊತೆ ಮಟಾಟುವಿನಲ್ಲಿ ಒಂದು ಸ್ಟಾಪು. ಮೊದಲ ಸಲ ಒಬ್ಬಳೇ ಹತ್ತಿದಾಗ ಅಂಗೈ ಬೆವರಿ ಕಂಬಿ ಜಾರುತ್ತಿತ್ತು. ಪಕ್ಕದ ಸೀಟಿನ ಹೆಂಗಸು, ಮಡಿಲಲ್ಲಿ ಕೋಸುಗಡ್ಡೆಯ ಚೀಲ ಇಟ್ಟುಕೊಂಡವಳು, ಏನೂ ಕೇಳದೆ ಸರಿದು ಜಾಗ ಕೊಟ್ಟಳು. "ಅಸಾಂಟೆ" ಎಂದು ಧನ್ಯವಾದ ಹೇಳಿ ಚಿನ್ಮಯಿ ಕೂತಳು.

ಮುಂದಿನ ಯುಗಾದಿಗೆ ವಿಮಲಾ ಆಂಟಿಯ ಮನೆಯಲ್ಲಿ ಒಬ್ಬ ಹೊಸ ಹುಡುಗಿ ಇದ್ದಳು. ಅಪೂರ್ವಾ ಎಂದು, ಇಪ್ಪತ್ತೇಳು, ಬೆಂಗಳೂರಿನಿಂದ ಆರು ತಿಂಗಳ ಹಿಂದೆ ಪಾಠ ಹೇಳಲು ಬಂದವಳು. ಊಟವಾದ ಮೇಲೆ ವಿಮಲಾ ಆಂಟಿ, "ಇಬ್ಬರೂ ಒಂದೇ ಕಡೆ ಇರೋದು, ಮಟಾಟುಲಿ ಜೊತೆಗೇ ಹೋಗಿ" ಎಂದರು.

"ಅಯ್ಯೋ, ಮಟಾಟು ಬೇಡ ಆಂಟಿ" ಎಂದಳು ಅಪೂರ್ವಾ. "ನನ್ನ ಫ್ರೆಂಡ್ ಬೈತಾರೆ. ಸೇಫ್ ಅಲ್ವಂತೆ. ಅವರೇ ಪಿಕ್ ಮಾಡ್ತಾರೆ."

ಚಿನ್ಮಯಿಯ ಕೈಯ ಪಾಯಸದ ಬಟ್ಟಲು ಅಲ್ಲೇ ನಿಂತಿತು. "ಅವರಿಗೆ ಎಲ್ಲಿ ಕೆಲಸ?"

"ಎಂಬಕಸಿಯಲ್ಲಿ."

ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದಳು: "ನಿಮಗೆ ಸಂಜೆ ಹೊತ್ತು ಫೋನ್ ಬರುತ್ತಾ? ಯಾರೂ ಮಾತಾಡದೇ ಇರೋದು?"

ಅಪೂರ್ವಾಳ ಮುಖ ಬಿಳಚಿತು. ಮರುಗಳಿಗೆಯೇ ಗಟ್ಟಿಯಾಯಿತು. "ಅವರು ಹೇಳಿದ್ರು" ಎಂದಳು. "ಚಿನ್ಮಯಿ ಅಂತ ಒಬ್ಬರಿದಾರೆ, ಸಿಕ್ಕಿದ್ರೆ ಇದನ್ನೇ ಕೇಳ್ತಾರೆ ಅಂತ. ಪಾಪ, ತಲೆ ಸರಿ ಇಲ್ಲ ಅಂತ."

ಚಿನ್ಮಯಿ ವಾದ ಮಾಡಲಿಲ್ಲ. ಕ್ಲಿನಿಕ್ಕಿನ ವಿಳಾಸವನ್ನೂ, ನ್ಗಾರಾದ ಮನೆಗೆ ಹೋಗಬೇಡಿ ಎಂಬ ಒಂದು ಸಾಲನ್ನೂ ಚೀಟಿಯಲ್ಲಿ ಬರೆದು ಚಾಚಿದಳು. ಅಪೂರ್ವಾ ಮುಟ್ಟಲಿಲ್ಲ. ಆ ಚೀಟಿಯನ್ನು ವಿಮಲಾ ಆಂಟಿ ಹೋಳಿಗೆಯ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿ ಕಳಿಸಿದ್ದು ಆಮೇಲೆ ಗೊತ್ತಾಯಿತು. ಬಾಲ್ಕನಿಯಿಂದ ಕೆಳಗೆ ನೋಡಿದರೆ ಗೇಟಿನಲ್ಲಿ ಪರಿಚಿತ ಕಾರು. ನೆವಿಲ್ ಗಾಜು ಇಳಿಸಿ, ಹಳೆಯ ಸ್ನೇಹಿತೆಗೆ ಬೀಸುವ ಹಾಗೆ ಅವಳತ್ತ ಕೈ ಬೀಸಿದ.

ಇಪ್ಪತ್ತೆರಡು ದಿನಗಳಾದ ಮೇಲೆ, ಬೆಳಗ್ಗೆ ಹತ್ತಕ್ಕೆ, ಅಪೂರ್ವಾ ಒಂದು ಬ್ಯಾಗು ಹಿಡಿದು ಕ್ಲಿನಿಕ್ಕಿಗೆ ಬಂದಳು. ಕಣ್ಣ ಸುತ್ತ ಕಪ್ಪು. "ನ್ಗಾರಾದಲ್ಲಿ ಮನೆ ಇದೆ, ಶಿಫ್ಟ್ ಆಗು ಅಂದ್ರು" ಎಂದಳು. ಚಿನ್ಮಯಿ ಅವಳನ್ನು ಮನೆಗೆ ಕರೆದೊಯ್ದಳು. ಕಿಟಕಿಯೆದುರಿನ ಮೇಜಿಗೆ ಇನ್ನೊಂದು ಕುರ್ಚಿ ಬಂತು. ಎರಡು ತಿಂಗಳು ಅಪೂರ್ವಾ ಅಲ್ಲಿಯೇ ಇದ್ದು, ಬಳಿಕ ಎರಡು ಬೀದಿ ಆಚೆ ತನ್ನದೇ ಮನೆ ಮಾಡಿಕೊಂಡಳು.

ಈ ಸಲ ಠಾಣೆಯಲ್ಲಿ ಯಾರೂ ನಗಲಿಲ್ಲ. ಎರಡು ದೂರು, ಎರಡು ಫೋನು, ಒಂದೇ ಬಗೆಯ ಕರೆಗಳು. ಅದೇ ವಾರ ಮಧ್ಯಾಹ್ನ ಕ್ಲಿನಿಕ್ಕಿನ ಲ್ಯಾಂಡ್‌ಲೈನಿಗೆ ಒಂದು ಕರೆ ಬಂತು. ಗ್ಲೋರಿಯಾ ಎತ್ತಿದಳು. ಮುದಿ ದನಿಯೊಂದು ಮಂಗಳೂರಿನ ಒಂದು ನಂಬರನ್ನು ಎರಡು ಸಲ ನಿಧಾನವಾಗಿ ಹೇಳಿ, "ವನೆಸ್ಸಾ" ಎಂದು ಇಟ್ಟುಬಿಟ್ಟಿತು. ವನೆಸ್ಸಾ ಮೊದಲು ಮಾತಾಡಲು ಒಪ್ಪಲಿಲ್ಲ. ತಿಂಗಳ ನಂತರ ತಾನಾಗಿಯೇ ನಾಲ್ಕು ಪುಟ ಬರೆದು, ವಕೀಲರ ಸಹಿ ಹಾಕಿಸಿ ಕಳಿಸಿದಳು.

ಚಿನ್ಮಯಿಗೆ ಬರುವ ಮಾರ್ಚಿಗೆ ಮೂವತ್ತು. ಈ ವರ್ಷ ಇಬ್ಬರನ್ನು ಭೇಟಿಯಾಗಿದ್ದಾಳೆ, ಎರಡೂ ಸಲ ಹಗಲು ಹೊತ್ತು, ಗ್ಲೋರಿಯಾಗೆ ಹೇಳಿಯೇ. ಎರಡನೆಯವನು ಶಾಲೆಯ ಮೇಷ್ಟ್ರು. ಮನೆಗೆ ಬಿಡಲೇ ಎಂದು ಅವನು ಕೇಳಿದಾಗ ಬೇಡವೆಂದಳು. "ಸರಿ" ಎಂದು ಅವನು ತನ್ನ ದಾರಿ ಹಿಡಿದ. ಆ "ಸರಿ" ಅವಳಿಗೆ ಹಿಡಿಸಿತು. ಆದರೂ ಇನ್ನೊಮ್ಮೆ ಭೇಟಿಯಾಗುವುದಕ್ಕೆ ಅವಸರವೇನಿಲ್ಲ ಎಂದುಕೊಂಡಿದ್ದಾಳೆ.

ನೆವಿಲ್ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ವಿಚಾರಣೆಯ ದಿನ ಮೂರು ಸಲ ಮುಂದೆ ಹೋಗಿದೆ. ಪ್ರತಿ ಸಲವೂ ಕೋರ್ಟಿನ ಪಡಸಾಲೆಗೆ ಅವನು ಮೊದಲೇ ಬಂದಿರುತ್ತಾನೆ, ವಕೀಲನ ಪಕ್ಕದಲ್ಲಿ, ಕಾಲ ಮೇಲೆ ಕಾಲು ಹಾಕಿ. ಇಬ್ಬರನ್ನೂ ಹೆಸರು ಹಿಡಿದು ಕರೆದು, ಊಟ ಆಯಿತೇ ಎಂದು ಕೇಳುತ್ತಾನೆ. ಅಪೂರ್ವಾಳ ಬೆರಳುಗಳು ತಣ್ಣಗಾಗುತ್ತವೆ. ಚಿನ್ಮಯಿ ಆ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡು, ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂತು, ತಮ್ಮ ಸರದಿ ಕೂಗುವುದನ್ನು ಕಾಯುತ್ತಾಳೆ.